ಮಿದುಳಿನ ಕ್ಯಾನ್ಸರಿಗೆ ಲಸಿಕೆ: ಆಸೆಯೂ ಒರೆಗಲ್ಲೂ

ಮಿದುಳಿನ ಕ್ಯಾನ್ಸರಿಗೆ ಲಸಿಕೆ ಸಿದ್ಧವಾಗಿದೆಯೆಂಬ ವಾರ್ತೆಯು ಕೆಲವು ವರ್ಷಗಳಿಂದ ಮೇಲಿಂದ ಮೇಲೆ ಕೇಳಿಬರುತ್ತಿದೆ. ರೋಗಿಯ ಗೆಡ್ಡೆಯಿಂದಲೂ ರೋಗಿಯ ರಕ್ತದಿಂದಲೂ ಅವನೊಬ್ಬನಿಗಾಗಿಯೇ ತಯಾರಿಸುವ ಮದ್ದು ಇದು. ರೂಢಿಯಲ್ಲಿರುವ ಕೀಮೋಥೆರಪಿಯೊಡನೆ ಇದನ್ನು ಕೂಡಿಸಿ ಕೊಟ್ಟರೆ ಆಯುಷ್ಯ ಬೆಳೆಯುವುದೆಂದು ಇದನ್ನು ನಿರ್ಮಿಸಿದವರ ಪ್ರತಿಪಾದನೆ. ಇಂಥ ವಾರ್ತೆಯು ರೋಗಿಯಿರುವ ಮನೆಯನ್ನು ಮುಟ್ಟಿದರೆ ಅಲ್ಲಿ ಏನಾಗುವುದೆಂಬುದನ್ನು ವಾಚಕರಿಗೆ ನಾವು ಬಣ್ಣಿಸಬೇಕಾಗಿಲ್ಲ. ಹೊಲ ಮಾರುವ ಮಾತು, ಒಡವೆ ಅಡವಿಡುವ ಮಾತು ಅಂದೇ ಆರಂಭವಾಗುವುದು. ಆಸೆಯನ್ನು ಹುಟ್ಟಿಸುವುದು ಸುಲಭ. ಹುಟ್ಟಿಸಿದ ಆಸೆಗೆ ಹೊಣೆಗಾರನಾಗುವುದು ಕಠಿಣ. ಆದುದರಿಂದ ಈ ಹೊಸ ಚಿಕಿತ್ಸೆಯ ತಳಹದಿಯೇನು, ಅದರಲ್ಲಿ ಸಿದ್ಧಪಟ್ಟುದೆಷ್ಟು, ಸಿದ್ಧಪಡಬೇಕಾದುದೆಷ್ಟು, ಈ ವಿಷಯದಲ್ಲಿ ಸರಕಾರದ ಮತ್ತು ಜನತೆಯ ಕರ್ತವ್ಯವೇನು ಎಂಬುದನ್ನು ಇಂದು ವಿಚಾರಿಸಬಯಸುವೆವು.

ಗ್ಲಿಯೊಬ್ಲಾಸ್ಟೋಮವೆಂಬುದು ಮಿದುಳಿನಲ್ಲಿಯೇ ಹುಟ್ಟಿ ವಯಸ್ಕರನ್ನು ಬಾಧಿಸುವ ಕ್ಯಾನ್ಸರುಗಳಲ್ಲೆಲ್ಲ ಅತಿ ಕ್ರೂರವಾದುದು. ಬೇರೆ ಅವಯವಗಳಲ್ಲಿ ಎದ್ದ ಗೆಡ್ಡೆಯನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ಮಾಂಸದೊಡನೆ ಕೊಯ್ದು ತೆಗೆಯಬಹುದು; ಮಿದುಳಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ಮಾತು, ನಡಿಗೆ, ನೆನಪು ಇವುಗಳ ನೆಲೆಗಳು ಅಲ್ಲಿ ಒಂದಕ್ಕೊಂದು ಒತ್ತಿಕೊಂಡಿವೆ. ಗೆಡ್ಡೆಯಾದರೋ ಕಳೆಯ ಬೇರಿನಂತೆ ಕಣ್ಣಿಗೆ ಕಾಣದ ಎಳೆಗಳನ್ನು ದೂರದವರೆಗೆ ಹರಿಯಬಿಟ್ಟಿರುತ್ತದೆ. ಕುಶಲನಾದ ಶಸ್ತ್ರವೈದ್ಯನು ಕಂಡುದೆಲ್ಲವನ್ನೂ ತೆಗೆದರೂ ಕಾಣದೆ ಉಳಿದುದು ಕೆಲವು ತಿಂಗಳಲ್ಲಿಯೇ ಮತ್ತೆ ಚಿಗುರುವುದುಂಟು. ರಕ್ತದಲ್ಲಿ ಹರಿಯುವ ಔಷಧಗಳಲ್ಲಿ ಬಹುಪಾಲನ್ನು ಮಿದುಳಿನ ರಕ್ತನಾಳಗಳ ಗೋಡೆಯೇ ಹೊರಗೆ ತಡೆದು ನಿಲ್ಲಿಸುವುದು. ಶತ್ರುವು ಕೋಟೆಯೊಳಗೆ ಸೇರಿಕೊಂಡ ಮೇಲೆ ಕೋಟೆಯ ಗೋಡೆಯೇ ಅವನಿಗೆ ರಕ್ಷಣೆಯಾದಂತಾಯಿತು.

ಈ ರೋಗಕ್ಕೆ ಸರ್ವತ್ರ ಮಾನ್ಯವಾದ ಚಿಕಿತ್ಸಾಕ್ರಮವು ನೆಲೆಗೊಂಡುದು 2005ರಲ್ಲಿ. ಯುರೋಪು ಮತ್ತು ಕೆನಡಾದ ವೈದ್ಯರು ಜೊತೆಗೂಡಿ 573 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ, ಒಂದಕ್ಕೆ ವಿಕಿರಣ ಚಿಕಿತ್ಸೆಯನ್ನು ಮಾತ್ರವೂ, ಇನ್ನೊಂದಕ್ಕೆ ಅದರ ಜೊತೆಗೆ ಟೆಮೊಜೊಲೊಮೈಡ್ ಎಂಬ ಗುಳಿಗೆಯನ್ನೂ ಕೊಟ್ಟು ಪರೀಕ್ಷಿಸಿದರು. ವಿಕಿರಣ ಮಾತ್ರ ಪಡೆದವರಲ್ಲಿ ಅರ್ಧದಷ್ಟು ಜನ ದಾಟಿದ ಅವಧಿ 12.1 ತಿಂಗಳು; ಗುಳಿಗೆಯನ್ನೂ ಪಡೆದವರಲ್ಲಿ 14.6 ತಿಂಗಳು. ನೋಡುವುದಕ್ಕೆ ಅಲ್ಪವಾದ ಲಾಭ. ಆದರೆ ಎರಡು ವರ್ಷ ಬದುಕಿದವರ ಸಂಖ್ಯೆಯು ನೂರಕ್ಕೆ 10.4ರಿಂದ 26.5ಕ್ಕೆ ಏರಿತು. ಐದು ವರ್ಷಗಳ ಲೆಕ್ಕವು 2009ರಲ್ಲಿ ಹೊರಬಂದಾಗ ಅದು 1.9ರ ಎದುರಿಗೆ 9.8 ಎಂದು ಕಂಡಿತು. ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದಲ್ಲಿ ಮಾಲ್ಕಮ್ ಸ್ಟೀವನ್ಸರೂ ಅವರ ಸಂಗಡಿಗರೂ ಹುಟ್ಟುಹಾಕಿದ ಆ ಗುಳಿಗೆಯು ಈಗ ನಮ್ಮ ದೇಶದ ಕಾರ್ಖಾನೆಗಳಲ್ಲಿಯೂ ತಯಾರಾಗುತ್ತಿದೆ. ಅದು ಮಿದುಳಿನ ಗೋಡೆಯನ್ನು ದಾಟಬಲ್ಲುದು. ಕ್ಯಾನ್ಸರ್ ಜೀವಕೋಶದ ವಂಶವಾಹಿ ಎಳೆಗೆ ಗಾಯ ಮಾಡಿ ಅದು ಇಮ್ಮಡಿಯಾಗದಂತೆ ತಡೆಯುವುದು. ಆದರೆ ಕೆಲವರ ಗೆಡ್ಡೆಯಲ್ಲಿ ಈ ಗಾಯವನ್ನು ಮರಳಿ ಸರಿಪಡಿಸುವ ಎಂಜಿಎಂಟಿ ಎಂಬ ದ್ರವ್ಯವಿದ್ದು, ಅಂಥವರಿಗೆ ಗುಳಿಗೆಯ ಗುಣ ಬಹಳ ಕಡಿಮೆ. ಆದುದರಿಂದಲೇ ಇದಕ್ಕೆ ಎರಡನೆಯ ಆಯುಧವೊಂದನ್ನು ಜೋಡಿಸುವ ಯತ್ನವು ನಿಂತಿಲ್ಲ.

ಆ ಎರಡನೆಯ ಆಯುಧವು ದೇಹದ ಸ್ವಂತ ರೋಗನಿರೋಧಕ ಶಕ್ತಿಯೇ ಆಗಬೇಕೆಂಬ ವಿಚಾರವು ಹೊಸದಲ್ಲ. 1891ರಲ್ಲಿಯೇ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿಯವರು ಕ್ಯಾನ್ಸರ್ ರೋಗಿಗೆ ರೋಗಾಣುಗಳನ್ನು ಚುಚ್ಚಿ, ಅದರಿಂದ ಕೆರಳಿದ ದೇಹವು ಗೆಡ್ಡೆಯನ್ನೂ ಕರಗಿಸುವುದೋ ಎಂದು ನೋಡಿದ್ದರು. ಆದರೆ ದೇಹದ ಕಾವಲುಗಾರರಿಗೆ ಶತ್ರುವಿನ ಗುರುತು ಹೇಳಿಕೊಡುವವರು ಯಾರೆಂಬುದು ಬಹುಕಾಲ ತಿಳಿದಿರಲಿಲ್ಲ. 1973ರಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಜ಼ಾನ್ವಿಲ್ ಕೋನ್ ಎಂಬ ವಿಜ್ಞಾನಿಗಳು ಮರದ ಕೊಂಬೆಗಳಂತೆ ಕೈಚಾಚಿದ ಒಂದು ಬಗೆಯ ಜೀವಕೋಶವನ್ನು ಕಂಡು ಅದಕ್ಕೆ ಡೆಂಡ್ರಿಟಿಕ್ ಕೋಶವೆಂದು ಹೆಸರಿಟ್ಟರು. ಶತ್ರುವಿನ ಚೂರುಗಳನ್ನು ಹಿಡಿದು ತಂದು ಕಾದಾಡುವ ಕೋಶಗಳಿಗೆ ತೋರಿಸಿ ಕಲಿಸುವ ಗುರು ಇದೇ ಎಂಬುದು ಬರಬರುತ್ತ ಸಿದ್ಧವಾಯಿತು. ಸ್ಟೈನ್‌ಮನ್ನರಿಗೆ 2011ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಆದರೆ ಘೋಷಣೆಗೆ ಮೂರು ದಿನ ಮೊದಲೇ ಅವರು ಮೇದೋಜೀರಕಾಂಗದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ತಮ್ಮ ರೋಗಕ್ಕೆ ತಾವೇ ಕಂಡುಹಿಡಿದ ಕೋಶಗಳ ಲಸಿಕೆಯನ್ನೂ ಅವರು ಪಡೆದಿದ್ದರೆಂಬುದು ಈ ಚರಿತ್ರೆಯಲ್ಲಿ ಮನಕರಗಿಸುವ ಸಂಗತಿ.

ಈಗ ಚರ್ಚೆಯಲ್ಲಿರುವ ಡಿಸಿವ್ಯಾಕ್ಸ್ ಎಂಬ ಲಸಿಕೆಯು ಆ ತತ್ತ್ವದ ಮೇಲೆಯೇ ನಿಂತಿದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಯನ್ನು ಎಸೆಯದೆ ಕಾದಿಟ್ಟು ಅದರಿಂದ ಸಾರವನ್ನು ತಯಾರಿಸುವರು. ಅನಂತರ ರೋಗಿಯ ರಕ್ತದಿಂದ ಬಿಳಿಯ ಕಣಗಳನ್ನು ಬೇರ್ಪಡಿಸಿ, ಪ್ರಯೋಗಶಾಲೆಯಲ್ಲಿ ಅವುಗಳನ್ನು ಡೆಂಡ್ರಿಟಿಕ್ ಕೋಶಗಳನ್ನಾಗಿ ಬೆಳೆಸಿ, ಆ ಸಾರವನ್ನು ಉಣಿಸಿ, ಹಲವು ಪಾಲುಗಳಾಗಿ ಹಂಚಿ ಹಿಮಗಟ್ಟಿಸಿ ಇಡುವರು. ಆಮೇಲೆ ತೋಳಿನ ಚರ್ಮದೊಳಗೆ ಮೊದಲ ಇಪ್ಪತ್ತು ದಿನಗಳಲ್ಲಿ ಮೂರು ಸಲವೂ, ಬಳಿಕ ತಿಂಗಳುಗಳ ಅಂತರದಲ್ಲಿಯೂ ಚುಚ್ಚುವರು. ಸಿಡುಬಿನ ಲಸಿಕೆಯಂತೆ ಇದು ರೋಗ ಬಾರದಂತೆ ತಡೆಯುವುದಲ್ಲ. ಬಂದ ರೋಗದೊಡನೆ ಹೋರಾಡಲು ದೇಹಕ್ಕೆ ಕಲಿಸುವುದು. ಒಬ್ಬನ ಲಸಿಕೆ ಇನ್ನೊಬ್ಬನಿಗೆ ಒದಗದು.

ಇಲ್ಲಿ ವಿಚಾರವಂತರು ಒಂದು ಶಂಕೆಯನ್ನು ಎತ್ತುವರು. ಕೀಮೋಥೆರಪಿಯು ರಕ್ತದ ಬಿಳಿಯ ಕಣಗಳನ್ನೂ ಕುಗ್ಗಿಸುವುದಲ್ಲವೆ? ಸೈನ್ಯವನ್ನು ಒಂದು ಕೈಯಿಂದ ಕಡಿದು ಇನ್ನೊಂದು ಕೈಯಿಂದ ಯುದ್ಧವಿದ್ಯೆ ಕಲಿಸಿದರೆ ಫಲವೇನು? ಶಂಕೆ ಯುಕ್ತವಾದುದೇ. ಅದಕ್ಕೆ ತಜ್ಞರು ಕೊಡುವ ಸಮಾಧಾನವೆಂದರೆ, ಔಷಧದಿಂದ ಸಾಯುವ ಕ್ಯಾನ್ಸರ್ ಕೋಶಗಳು ತಮ್ಮ ಗುರುತುಗಳನ್ನು ಹೊರಚೆಲ್ಲುತ್ತವೆ. ಕುಗ್ಗಿದ ಬಿಳಿಯ ಕಣಗಳು ಮರಳಿ ಬೆಳೆಯುವ ಕಾಲದಲ್ಲಿ ಲಸಿಕೆ ಬಿದ್ದರೆ, ಹೊಸದಾಗಿ ಹುಟ್ಟುವ ಪಡೆಯಲ್ಲಿ ಶತ್ರುವನ್ನು ಅರಿತವರ ಪಾಲು ಹೆಚ್ಚಬಹುದು. ಆದುದರಿಂದ ಗುಳಿಗೆಯ ಸರದಿಗಳ ನಡುವಣ ಬಿಡುವಿನಲ್ಲಿ ಲಸಿಕೆಯನ್ನು ಕೊಡುವ ಪದ್ಧತಿ ಬೆಳೆಯಿತು. ನಿಜವಾದ ತೊಡಕು ಇನ್ನೊಂದುಂಟು. ಮಿದುಳಿನ ಬಾವನ್ನು ಇಳಿಸಲು ಡೆಕ್ಸಾಮೆಥಸೋನ್ ಎಂಬ ಮದ್ದನ್ನು ಬಹುಮಂದಿಗೆ ಕೊಡಲೇಬೇಕಾಗುವುದು. ಅದು ನಿರೋಧಕ ಶಕ್ತಿಯನ್ನೇ ಅದುಮುವುದು. ಅಮೆರಿಕದಲ್ಲಿ ಎಂಟು ರೋಗಿಗಳಿಗೆ ಅವರವರ ಗೆಡ್ಡೆಯ ಮಾರ್ಪಾಡುಗಳನ್ನು ಓದಿ ತಯಾರಿಸಿದ ಲಸಿಕೆಯನ್ನು ಕೊಟ್ಟು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲಸಿಕೆಯ ಆರಂಭದಲ್ಲಿ ಈ ಮದ್ದನ್ನು ಸೇವಿಸುತ್ತಿದ್ದವರ ದೇಹವು ಲಸಿಕೆಗೆ ಸರಿಯಾಗಿ ಓಗೊಡಲಿಲ್ಲ. ಜೋಡಣೆಯೆಂದರೆ ಎರಡು ಮದ್ದುಗಳನ್ನು ಒಂದೇ ಚೀಟಿಯಲ್ಲಿ ಬರೆಯುವುದಲ್ಲ. ಯಾವುದನ್ನು ಯಾವಾಗ, ಯಾರಿಗೆ, ಯಾವುದನ್ನು ಬಿಟ್ಟು ಕೊಡಬೇಕೆಂಬ ಲೆಕ್ಕ.

ಇನ್ನು ಪರೀಕ್ಷೆಯ ಕಥೆಗೆ ಬರೋಣ. ಅಮೆರಿಕದ ನಾರ್ತ್‌ವೆಸ್ಟ್ ಬಯೋಥೆರಪ್ಯೂಟಿಕ್ಸ್ ಕಂಪನಿಯ ಈ ಲಸಿಕೆಯ ದೊಡ್ಡ ಪರೀಕ್ಷೆಗೆ 2007ರಿಂದ 2015ರವರೆಗೆ ಅಮೆರಿಕ, ಕೆನಡಾ, ಬ್ರಿಟನ್ ಮತ್ತು ಜರ್ಮನಿಗಳಲ್ಲಿ 331 ರೋಗಿಗಳು ಸೇರಿದರು. ಇವರಲ್ಲಿ 232 ಮಂದಿಗೆ ಟೆಮೊಜೊಲೊಮೈಡಿನೊಡನೆ ಲಸಿಕೆ. 99 ಮಂದಿಗೆ ಟೆಮೊಜೊಲೊಮೈಡಿನೊಡನೆ ಲಸಿಕೆಯ ವೇಷದ ಬರಿಯ ಚುಚ್ಚುಮದ್ದು. ಯಾರಿಗೆ ಯಾವುದೆಂದು ರೋಗಿಗೂ ವೈದ್ಯನಿಗೂ ತಿಳಿಯದು. ಗೆಡ್ಡೆಯು ಮರಳಿ ಬೆಳೆಯುವುದಕ್ಕೆ ಎಷ್ಟು ಕಾಲ ಹಿಡಿಯುವುದೆಂಬುದೇ ಮೊದಲು ಗೊತ್ತುಮಾಡಿದ ಅಳತೆಗೋಲು. ಆದರೆ ಗೆಡ್ಡೆ ಮರಳಿದವರಿಗೆ ಎಲ್ಲರಿಗೂ ಲಸಿಕೆ ಪಡೆಯುವ ಅವಕಾಶವನ್ನು ದಯೆಯಿಂದ ಇಟ್ಟಿದ್ದರು. ಪರಿಣಾಮವಾಗಿ ಒಟ್ಟು ರೋಗಿಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಜನ ಒಂದಲ್ಲ ಒಂದು ಕಾಲದಲ್ಲಿ ಲಸಿಕೆಯನ್ನು ಪಡೆದರು. ಆಯುಷ್ಯವನ್ನು ಹೋಲಿಸಿ ನೋಡಲು ಲಸಿಕೆಯಿಲ್ಲದ ಪಂಗಡವೇ ಉಳಿಯಲಿಲ್ಲ.

ಲಾಸ್ ಏಂಜಲೀಸಿನ ಶಸ್ತ್ರವೈದ್ಯೆ ಲಿಂಡಾ ಲಿಯಾವ್ ಮತ್ತು ಸಂಗಡಿಗರು 2022ರ ನವೆಂಬರಿನಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲು ಗೊತ್ತುಮಾಡಿದ ಅಳತೆಯಲ್ಲಿ ಲಸಿಕೆಯು ಗೆಲ್ಲಲಿಲ್ಲ. ಆದರೆ ಹೊರಗಿನ ಬೇರೆ ಐದು ಪರೀಕ್ಷೆಗಳಲ್ಲಿ ರೂಢಿಯ ಚಿಕಿತ್ಸೆಯನ್ನು ಪಡೆದಿದ್ದ 1,366 ರೋಗಿಗಳೊಡನೆ ಹೋಲಿಸಿದಾಗ, ಲಸಿಕೆ ಪಡೆದವರ ಮಧ್ಯಮ ಆಯುಷ್ಯ 16.5 ತಿಂಗಳಿಗೆ ಪ್ರತಿಯಾಗಿ 19.3 ತಿಂಗಳು, ಐದು ವರ್ಷ ಬದುಕಿದವರು ನೂರಕ್ಕೆ 5.7ಕ್ಕೆ ಪ್ರತಿಯಾಗಿ 13. ಯಾರ ಗೆಡ್ಡೆಯಲ್ಲಿ ಎಂಜಿಎಂಟಿ ಮಲಗಿತ್ತೋ, ಎಂದರೆ ಯಾರಿಗೆ ಗುಳಿಗೆಯೂ ನಾಟುತ್ತಿತ್ತೋ, ಅವರಲ್ಲಿ ಅಂತರವು ಇನ್ನೂ ಹೆಚ್ಚು: 21.3ಕ್ಕೆ 30.2 ತಿಂಗಳು. ಕೊಟ್ಟ 2,151 ಚುಚ್ಚುಮದ್ದುಗಳಲ್ಲಿ ಲಸಿಕೆಗೆ ಸಂಬಂಧಿಸಿರಬಹುದಾದ ಗಂಭೀರ ಬಾಧೆಗಳು ಐದು ಮಾತ್ರ. ಈ ಆಧಾರದ ಮೇಲೆ ಕಂಪನಿಯು 2023ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಗೆ ಅನುಮತಿಗಾಗಿ ಅರ್ಜಿಯನ್ನು ಸಲ್ಲಿಸಿತು.

ಈ ಅಂಕಿಗಳನ್ನು ಹಗುರಾಗಿ ತಳ್ಳಿಹಾಕುವವರ ಪಂಗಡಕ್ಕೆ ನಾವು ಸೇರಿದವರಲ್ಲ. ನೂರರಲ್ಲಿ ಆರು ಜನರ ಬದಲು ಹದಿಮೂರು ಜನ ಐದು ವರ್ಷ ಬದುಕುವುದು ನಿಜವಾದರೆ ಅದು ಮಹತ್ತರವಾದ ಲಾಭವೇ ಸರಿ. ಬಾಧೆಯೂ ಅಲ್ಪ. ಪ್ರಶ್ನೆಯಿರುವುದು 'ನಿಜವಾದರೆ' ಎಂಬ ಆ ಒಂದು ಮಾತಿನಲ್ಲಿ. ಲಸಿಕೆಯ ಪರೀಕ್ಷೆಗೆ ಸೇರಬೇಕಾದರೆ ರೋಗಿಯ ಗೆಡ್ಡೆಯು ಸಾಕಷ್ಟು ದೊರೆತಿರಬೇಕು. ಶಸ್ತ್ರಚಿಕಿತ್ಸೆ, ವಿಕಿರಣ ಎರಡೂ ಮುಗಿಯುವವರೆಗೆ ರೋಗವು ಉಲ್ಬಣಿಸದೆ ಇರಬೇಕು. ತಿಂಗಳುಗಳ ಎಣಿಕೆಯು ಅಲ್ಲಿಂದ ಮುಂದೆ. ಆ ವೇಳೆಗೇ ಕೈಬಿಟ್ಟುಹೋದ ದುರ್ದೈವಿಗಳು ಲೆಕ್ಕಕ್ಕೆ ಬರಲಿಲ್ಲ. ಹೊರಗಿನ ರೋಗಿಗಳನ್ನು ಎಷ್ಟೇ ಎಚ್ಚರಿಕೆಯಿಂದ ಆರಿಸಿದರೂ ಅವರು ಇದೇ ತಕ್ಕಡಿಯ ಇನ್ನೊಂದು ತಟ್ಟೆಯಲ್ಲ. ಬೇರೊಂದು ಅಂಗಡಿಯಲ್ಲಿ ತೂಗಿ ತಂದ ಸರಕು.

ಇದು ಬರಿಯ ತರ್ಕದ ಮಾತಲ್ಲವೆಂಬುದಕ್ಕೆ ಈ ರೋಗದ ಚರಿತ್ರೆಯಲ್ಲಿಯೇ ದೃಷ್ಟಾಂತವುಂಟು. ರಿಂಡೊಪೆಪಿಮಟ್ ಎಂಬ ಇನ್ನೊಂದು ಲಸಿಕೆಯನ್ನೂ ಟೆಮೊಜೊಲೊಮೈಡಿನೊಡನೆಯೇ ಕೊಡುತ್ತಿದ್ದರು. ಅದು ಗೆಡ್ಡೆಯ ಒಂದೇ ಒಂದು ಗುರುತನ್ನು ಹಿಡಿದು ಹೊಡೆಯುವಂಥದು. ಸಣ್ಣ ಪ್ರಯೋಗಗಳಲ್ಲಿ, ಹಿಂದಿನ ಕಾಲದ ರೋಗಿಗಳೊಡನೆ ಹೋಲಿಸಿದಾಗ ಅದರ ಫಲವು ಆಶ್ಚರ್ಯಕರವಾಗಿ ತೋರಿತು. ಅನಂತರ 745 ರೋಗಿಗಳ ಮೇಲೆ ಕಟ್ಟುನಿಟ್ಟಾದ ದೊಡ್ಡ ಪರೀಕ್ಷೆ ನಡೆಯಿತು. 2017ರಲ್ಲಿ ಪ್ರಕಟವಾದ ಅದರ ಲೆಕ್ಕವೇನು? ಮುಖ್ಯ ಪಂಗಡದಲ್ಲಿ ಲಸಿಕೆ ಪಡೆದವರಿಗೆ 20.1 ತಿಂಗಳು, ಪಡೆಯದವರಿಗೆ 20 ತಿಂಗಳು. ಲಸಿಕೆ ಪಡೆಯದವರೂ ಹಿಂದಿನ ಕಾಲದವರಿಗಿಂತ ಹೆಚ್ಚು ಬದುಕಿದ್ದರು! ಎದುರಿಗೆ ಸರಿಯಾದ ಪಂಗಡವಿಲ್ಲದಿದ್ದರೆ ಆ ಹೆಚ್ಚಳದ ಕೀರ್ತಿಯೆಲ್ಲ ಲಸಿಕೆಗೆ ಸಲ್ಲುತ್ತಿತ್ತು. ಸಾವಿರಾರು ಸಂಸಾರಗಳು ಅದಕ್ಕಾಗಿ ಸಾಲ ಮಾಡುತ್ತಿದ್ದವು. ಡಿಸಿವ್ಯಾಕ್ಸ್ ಇಡಿಯ ಗೆಡ್ಡೆಯ ಸಾರವನ್ನು ಬಳಸುವುದರಿಂದ ಒಂದು ಗುರುತನ್ನು ಮರೆಸಿ ಗೆಡ್ಡೆಯು ತಪ್ಪಿಸಿಕೊಳ್ಳಲಾರದೆಂಬ ವಾದವನ್ನು ನಾವು ಬಲ್ಲೆವು. ಅದರಲ್ಲಿ ಹುರುಳೂ ಉಂಟು. ಆದರೆ ವಾದ ಎಷ್ಟೇ ಚೆಲುವಾಗಿದ್ದರೂ ಚಿನ್ನದ ಬೆಲೆಯನ್ನು ಗೊತ್ತುಮಾಡುವುದು ಒರೆಗಲ್ಲೇ ಹೊರತು ಅಕ್ಕಸಾಲಿಗನ ಮಾತಲ್ಲ.

ಸಾಯುತ್ತಿರುವವನಿಗೆ ಬರಿಯ ನೀರನ್ನು ಚುಚ್ಚಿ ಲೆಕ್ಕ ಬರೆಯುವುದು ಕ್ರೌರ್ಯವಲ್ಲವೆ ಎಂದು ಕೇಳುವವರುಂಟು. ಈ ಪ್ರಶ್ನೆಯ ಹಿಂದಿರುವ ಕರುಣೆಗೆ ನಾವು ತಲೆವಾಗುವೆವು. ಆದರೆ ಒಂದನ್ನು ನೆನೆಯಬೇಕು. ಗುಣವಿದೆಯೆಂದು ತಿಳಿದ ಮದ್ದನ್ನು ಕೊಡದೆ ಇರುವುದು ಕ್ರೌರ್ಯ; ಗುಣವಿದೆಯೋ ಇಲ್ಲವೋ ಎಂದು ಯಾರಿಗೂ ತಿಳಿಯದಿರುವಾಗ ಇಬ್ಬರಿಗೂ ರೂಢಿಯ ಚಿಕಿತ್ಸೆಯನ್ನು ಪೂರ್ತಿಯಾಗಿ ಕೊಟ್ಟು, ಒಬ್ಬನಿಗೆ ಹೊಸತನ್ನು ಕೂಡಿಸಿ ನೋಡುವುದು ಕ್ರೌರ್ಯವಲ್ಲ. 331 ಜನ ತಮ್ಮ ಕಡೆಯ ದಿನಗಳನ್ನು ವಿಜ್ಞಾನಕ್ಕೆ ಅರ್ಪಿಸಿದರು. ಹದಿನೈದು ವರ್ಷಗಳು ಕಳೆದವು. ಆದರೂ ಪ್ರಶ್ನೆಗೆ ನಿರ್ವಿವಾದವಾದ ಉತ್ತರ ದೊರೆಯಲಿಲ್ಲ. ಇಂದಿನ ರೋಗಿಗೆ ತೋರಿಸಿದ ಕರುಣೆಯು ನಾಳಿನ ರೋಗಿಗೆ ಸಲ್ಲಬೇಕಾದ ಸತ್ಯವನ್ನು ನುಂಗಿತು. ಆಯುಷ್ಯವನ್ನೇ ಅಳತೆಗೋಲಾಗಿ ಮೊದಲಿನಿಂದಲೂ ನಿಶ್ಚಯಿಸಿ, ನಡುವೆಯೇ ಲಾಭವು ಸ್ಪಷ್ಟವಾಗಿ ಕಂಡರೆ ಕೂಡಲೆ ಪರೀಕ್ಷೆಯನ್ನು ನಿಲ್ಲಿಸಿ ಎಲ್ಲರಿಗೂ ಲಸಿಕೆ ಕೊಡುವ ನಿಯಮವನ್ನಿಟ್ಟು, ಇನ್ನೊಂದು ಪರೀಕ್ಷೆಯನ್ನು ನಡೆಸುವುದೇ ನ್ಯಾಯವಾದ ಮಾರ್ಗವೆಂದು ನಮಗೆ ತೋರುವುದು.

ನಮ್ಮ ನಾಡಿಗೆ ಇದರಿಂದೇನು ಎಂದು ಕೇಳಬಹುದು. ಸಂಬಂಧವು ಹತ್ತಿರದ್ದೇ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯಾಗಿ ಕಾಣುವುದು. ಅದನ್ನು ಅರಿತು ಹುಲ್ಲುಕಡ್ಡಿಯನ್ನೇ ಮಾರಲು ಹೊರಡುವವರು ಎಲ್ಲ ದೇಶಗಳಲ್ಲಿಯೂ ಇರುವರು. ಸಿದ್ಧಪಡದ ಕೋಶಚಿಕಿತ್ಸೆಗೆ ಲಕ್ಷಗಟ್ಟಲೆ ಬೆಲೆ ಕಟ್ಟುವುದು ವೈದ್ಯವೃತ್ತಿಯಲ್ಲ, ದುಃಖದ ವ್ಯಾಪಾರ. ಅಂಥವರಿಂದ ಜನರನ್ನು ಕಾಯಲು ನಮ್ಮಲ್ಲಿ ಸಾಧನಗಳಿಲ್ಲದಿಲ್ಲ. ನಮ್ಮ ದೇಶದಲ್ಲಿ ನಡೆಯುವ ಔಷಧ ಪರೀಕ್ಷೆಗಳನ್ನು ರಾಷ್ಟ್ರೀಯ ದಾಖಲೆಯಲ್ಲಿ ನೋಂದಾಯಿಸುವುದು 2009ರಿಂದಲೂ ಕಡ್ಡಾಯ. 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪರೀಕ್ಷೆಗಳ ನಿಯಮಗಳೂ ಜಾರಿಯಲ್ಲಿವೆ. ರೋಗಿಯ ಮನೆಯವರು ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಈ ಪರೀಕ್ಷೆಯ ನೋಂದಣಿ ಸಂಖ್ಯೆ ಯಾವುದು? ಒಪ್ಪಿಗೆ ಕೊಟ್ಟ ನೀತಿಸಮಿತಿ ಯಾವುದು? ಪರೀಕ್ಷೆಯೇ ಆಗಿದ್ದರೆ ನಮ್ಮಿಂದ ಹಣವೇಕೆ? ಉತ್ತರ ಕೊಡಲು ತಡವರಿಸುವ ಕಡೆಯಿಂದ ಹಿಂದಿರುಗುವುದೇ ಲೇಸು. ನಿಯಮವನ್ನು ಮೀರಿದವರನ್ನು ದಂಡಿಸುವುದರಲ್ಲಿ ಸರಕಾರವು ದಾಕ್ಷಿಣ್ಯ ತೋರಬಾರದು.

ಎರಡನೆಯದಾಗಿ, ಹೊಸತನ್ನು ಕೂಡಿಸುವುದಕ್ಕೆ ಮೊದಲು ಹಳೆಯದು ಎಲ್ಲರಿಗೂ ದೊರೆಯಬೇಕು. ತಕ್ಕ ಕಾಲದಲ್ಲಿ ಶಸ್ತ್ರಚಿಕಿತ್ಸೆ, ಅನಂತರ ತಡವಿಲ್ಲದೆ ವಿಕಿರಣ, ನಡುವೆ ನಿಲ್ಲದ ಗುಳಿಗೆ ಇವುಗಳಿಲ್ಲದೆ ಲಸಿಕೆಯ ಮಾತೇ ವ್ಯರ್ಥ; ಎಲ್ಲ ಪರೀಕ್ಷೆಗಳಲ್ಲಿಯೂ ಲಸಿಕೆಯು ಈ ಅಡಿಪಾಯದ ಮೇಲೆ ನಿಂತ ಮಹಡಿಯೇ ಹೊರತು ಅಡಿಪಾಯವಲ್ಲ. ದೂರದ ಊರಿನ ರೈತನೊಬ್ಬನು ಆರು ವಾರಗಳ ವಿಕಿರಣಕ್ಕಾಗಿ ನಗರದಲ್ಲಿ ತಂಗಲು ನೆಲೆಯಿಲ್ಲದೆ ಅರ್ಧಕ್ಕೇ ಊರಿಗೆ ಮರಳಿದರೆ, ಅವನಿಗೆ ಯಾವ ದೇಶದ ಲಸಿಕೆ ಬಂದರೇನು?

ಮೂರನೆಯದು ಸಣ್ಣ ಕಾರ್ಯ. ಫಲ ಮಾತ್ರ ದೊಡ್ಡದು. ಇಂಥ ಲಸಿಕೆಯ ಮೂಲದ್ರವ್ಯವು ರೋಗಿಯ ಗೆಡ್ಡೆ. ಶಸ್ತ್ರಚಿಕಿತ್ಸೆಯಾದೊಡನೆ ಗೆಡ್ಡೆಯ ಚೂರನ್ನು ರೋಗನಿರ್ಣಯಕ್ಕಾಗಿ ಫಾರ್ಮಲಿನ್ ದ್ರವದಲ್ಲಿ ಹಾಕುವುದು ವಾಡಿಕೆ. ಹಾಗೆ ಹಾಕಿದುದರಿಂದ ರೋಗವನ್ನು ಗುರುತಿಸಬಹುದು, ಇಂಥ ಲಸಿಕೆಯನ್ನು ಮಾಡಲಾಗದು. ಒಂದು ಪಾಲನ್ನಾದರೂ ರೋಗಿಯ ಒಪ್ಪಿಗೆಯಿಂದ ಹಿಮಗಟ್ಟಿಸಿ ಇಡುವ ಏರ್ಪಾಡು ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಆಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1995ರಿಂದ ಮಿದುಳಿನ ಅಂಗಾಂಶಗಳ ಭಂಡಾರವೊಂದನ್ನು ನಡೆಸುತ್ತ ಬಂದಿರುವುದು ನಮ್ಮ ನಾಡಿಗೆ ಹೆಮ್ಮೆಯ ವಿಷಯ. ಸಂಶೋಧನೆಗಾಗಿ ನೆಲೆಗೊಂಡ ಆ ಅನುಭವವು ಚಿಕಿತ್ಸೆಗೂ ದಾರಿ ತೋರಬಲ್ಲುದು.

ಕಡೆಯದಾಗಿ ಬೆಲೆಯ ಮಾತು. ಒಬ್ಬೊಬ್ಬನಿಗೆ ಬೇರೆಬೇರೆಯಾಗಿ ತಯಾರಿಸುವ ಮದ್ದು ಗುಳಿಗೆಯಂತೆ ಅಗ್ಗವಾಗಲಾರದೆಂದು ಹೇಳಿ ಕೈಕಟ್ಟಿ ಕೂಡುವುದು ಸರಿಯಲ್ಲ. ರಕ್ತದ ಕೆಲವು ಬಗೆಯ ಕ್ಯಾನ್ಸರಿಗೆ ರೋಗಿಯ ಕೋಶಗಳನ್ನೇ ಮಾರ್ಪಡಿಸಿ ಕೊಡುವ ನೆಕ್ಸ್‌ಕಾರ್ 19 ಎಂಬ ಚಿಕಿತ್ಸೆಯನ್ನು ಮುಂಬಯಿಯ ಐಐಟಿ ಹಾಗೂ ಟಾಟಾ ಸ್ಮಾರಕ ಆಸ್ಪತ್ರೆಗಳ ವಿಜ್ಞಾನಿಗಳು ಇಲ್ಲಿಯೇ ನಿರ್ಮಿಸಿದರು. 2023ರ ಅಕ್ಟೋಬರಿನಲ್ಲಿ ಅದಕ್ಕೆ ನಮ್ಮ ಔಷಧ ನಿಯಂತ್ರಕರ ಅನುಮತಿ ದೊರೆಯಿತು. ವಿದೇಶದ ಬೆಲೆಯ ಸುಮಾರು ಹತ್ತನೆಯ ಒಂದು ಪಾಲಿಗೆ ಅದು ಲಭ್ಯವಾಯಿತು. ಆ ಮೊತ್ತವೂ ಬಡವನಿಗೆ ಎಟಕುವಂಥದಲ್ಲ, ನಿಜ. ಆದರೆ ರೋಗಿಯ ಸ್ವಂತ ಕೋಶಗಳಿಂದ ಮದ್ದು ಮಾಡುವ ವಿದ್ಯೆ ನಮ್ಮವರಿಗೆ ಅಸಾಧ್ಯವಲ್ಲವೆಂಬುದು ಅದರಿಂದ ಸಿದ್ಧವಾಯಿತು. ಹೊರನಾಡಿನ ಲಸಿಕೆ ಅಗ್ಗವಾಗಿ ಬರುವುದೆಂದು ಬಾಗಿಲಲ್ಲಿ ಕಾದು ಕೂಡುವ ಬದಲು, ನಮ್ಮ ಸಾರ್ವಜನಿಕ ಸಂಸ್ಥೆಗಳೇ ಕೂಡಿ ಮಿದುಳಿನ ಕ್ಯಾನ್ಸರಿನ ಲಸಿಕೆಯನ್ನು ತಯಾರಿಸಿ, ರೋಗಿಯಿಂದ ಕಾಸು ಪಡೆಯದೆ, ಟೆಮೊಜೊಲೊಮೈಡಿನೊಡನೆ ಕೊಟ್ಟು, ಕಟ್ಟುನಿಟ್ಟಾಗಿ ಪರೀಕ್ಷಿಸಲಿ. ಲಸಿಕೆ ಗೆದ್ದರೆ ನಮ್ಮ ಜನಕ್ಕೆ ಮದ್ದು ದೊರೆಯುವುದು. ಸೋತರೆ ಜಗತ್ತಿಗೆ ಸತ್ಯವಾದರೂ ದೊರೆಯುವುದು. ಎರಡೂ ಲಾಭವೇ.

ವೈದ್ಯಶಾಸ್ತ್ರದಲ್ಲಿ ಆಶಾವಾದಿಯೂ ಬೇಕು, ಸಂಶಯವಾದಿಯೂ ಬೇಕು. ಮೊದಲನೆಯವನಿಲ್ಲದಿದ್ದರೆ ಡೆಂಡ್ರಿಟಿಕ್ ಕೋಶವನ್ನು ಮದ್ದಾಗಿಸುವ ಸಾಹಸವನ್ನು ಯಾರೂ ಮಾಡುತ್ತಿರಲಿಲ್ಲ, ಎರಡನೆಯವನಿಲ್ಲದಿದ್ದರೆ 20.1ಕ್ಕೂ 20ಕ್ಕೂ ಭೇದವಿಲ್ಲವೆಂಬುದು ಬೆಳಕಿಗೆ ಬರುತ್ತಿರಲಿಲ್ಲ. ರೋಗಿಗೆ ಸುಳ್ಳು ಭರವಸೆಯನ್ನು ಮಾರಬಾರದು. ನಿಜವಾದ ಭರವಸೆಯನ್ನು ಹಣವಿಲ್ಲವೆಂಬ ಕಾರಣಕ್ಕೆ ಕಸಿದುಕೊಳ್ಳಲೂಬಾರದು. ಇವೆರಡನ್ನೂ ಏಕಕಾಲದಲ್ಲಿ ಸಾಧಿಸುವ ಹೊಣೆಯನ್ನು ನಮ್ಮ ವೈದ್ಯಸಂಸ್ಥೆಗಳೂ ಸರಕಾರವೂ ಹೊರಬೇಕೆಂದು ನಾವು ಆಗ್ರಹಪಡಿಸುವೆವು.